ಹೊಳೆ ದಾಟುವ ಕೋಳಿ

ಮೊನ್ನೆ ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರ ಮದುವೆಗೊಂದು ಉಡುಗೊರೆ ಕೊಳ್ಳಬೇಕೆಂದು ಹಂಪನಕಟ್ಟೆಯ ಅಂಗಡಿಯೊಂದಕ್ಕೆ ಹೋದವನು ಬಹಳ ಹೊತ್ತು ನಿಂತು, ಏನನ್ನೂ ಕೊಳ್ಳದೆ, ಒಳಗೆ ಹೋಗುವಾಗ ಇದ್ದ ಬುದ್ಧಿಯಲ್ಲೂ ಸ್ವಲ್ಪ ಕಳೆದುಕೊಂಡು ಹೊರಗೆ ಬಂದೆ. ಯುದ್ಧ ಮುಗಿದು ಹಡಗುಗಳಲ್ಲಿ ಮತ್ತೆ ಸಾಮಾನು ಬರತೊಡಗಿದೆಯಷ್ಟೆ. ಅಂಗಡಿಯವರು ಒಂದು ಗೋಡೆಯುದ್ದಕ್ಕೂ ಹಲಗೆ ಹೊಡೆಸಿ, ಅದರ ಮೇಲೆ ನಾನು ಹುಟ್ಟಿ ಕಂಡಿರದ ವಸ್ತುಗಳನ್ನು ಸಾಲಾಗಿ ಇಟ್ಟಿದ್ದರು. ಒಂದು ಮರದ ಆನೆ. ಅದರ ಬಾಲ ಒತ್ತಿದರೆ ಹೊಟ್ಟೆಯೊಳಗಿನಿಂದ ಒಂದು ಸಿಗರೇಟು ಬೀಳುತ್ತದೆ. ಒಂದು ಹಿತ್ತಾಳೆಯ ಗಿಳಿ. ಅದರ ಕೊಕ್ಕಿಗೆ ಅಡಿಕೆ ಕೊಟ್ಟು ಬೆನ್ನು ಅದುಮಿದರೆ ಅಡಿಕೆ ಎರಡು ಹೋಳು. ಇಷ್ಟರವರೆಗೆ ನನಗೂ ಅರ್ಥವಾಯಿತು. ಆಮೇಲೆ ಒಂದು ಪಿಂಗಾಣಿಯ ಟೊಪ್ಪಿ ಸಿಕ್ಕಿತು. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು, ಅಂಚಿನಲ್ಲಿ ನೀಲಿ ಹೂ, ನೆತ್ತಿಯಲ್ಲಿ ಒಂದು ತೂತು.

"ಇದು ಎಂತಕ್ಕೆ?" ಎಂದು ಕೇಳಿದೆ.

"ಅದು ಚಂದಕ್ಕೆ ಮಾಸ್ಟ್ರೇ," ಅಂದರು ಅಂಗಡಿಯವರು.

"ಚಂದಕ್ಕೆ ಸರಿ. ಇದರಲ್ಲಿ ಎಂತ ಮಾಡುವುದು?"

"ಎಂತ ಮಾಡ್ಲಿಕ್ಕೂ ಇಲ್ಲ. ಮೇಜಿನ ಮೇಲೆ ಇಡುವುದು."

"ಇಟ್ಟು?"

"ಇಟ್ಟು ನೋಡುವುದು, ಮತ್ತೆ ಎಂತ!" ಎಂದವರು ಸ್ವಲ್ಪ ಯೋಚಿಸಿ, ದನಿ ತಗ್ಗಿಸಿ, "ನನಗೂ ಗೊತ್ತಿಲ್ಲ ಮಾರಾಯ್ರೇ. ಪೆಟ್ಟಿಗೆಯಲ್ಲಿ ಬಂದದ್ದು. ತೂತು ಉಂಟಲ್ಲ, ಏನಾದ್ರೂ ಹಾಕ್ಲಿಕ್ಕೆ ಇರಬೇಕು," ಎಂದರು.

ನನ್ನ ಗೊಂದಲ ಅಲ್ಲಿಂದ ಶುರುವಾಯಿತು. ಡ್ರಾಯಿಂಗ್ ಮಾಸ್ತರರು ಸಿಗರೇಟು ಸೇದುವುದಿಲ್ಲ, ಆನೆ ಬೇಡ. ಎಲೆಅಡಿಕೆ ಹಾಕುವುದಿಲ್ಲ, ಗಿಳಿಯೂ ಬೇಡ. ಟೊಪ್ಪಿಯನ್ನು ಕೊಟ್ಟರೆ ಅವರ ಹೆಂಡತಿ ಅದನ್ನು ಏನೆಂದು ತಿಳಿದಾಳು? ನೋಡುವುದಕ್ಕೆಂದೇ ಒಂದು ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳುವ ವಿದ್ಯೆ ನನಗೆ ಇನ್ನೂ ಒಲಿದಿಲ್ಲ. ಅದಕ್ಕೆ ನಾನು ಹುಟ್ಟಿದ ಬೆಂಗ್ರೆಯ ಮೇಲೆ ತಪ್ಪು ಹೊರಿಸಬೇಕು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ನಾಲ್ಕು ಮಾರು ಮರಳು, ನಮ್ಮ ಮಾತಿನಲ್ಲಿ ಹೊಯಿಗೆ. ಅದರ ಮೇಲೆ ಸೋಗೆಯ ಮನೆಗಳು. ಅಲ್ಲಿ ವಸ್ತುವೆಂದರೆ ಬಲೆ, ಬುಟ್ಟಿ, ಹುಟ್ಟು, ಗಂಜಿಯ ಮಡಕೆ. ನೋಡುವುದಕ್ಕೆ ಕಡಲಿತ್ತು, ಅದು ಸಾಕಾಗುತ್ತಿತ್ತು.

ಆದರೂ ನಮ್ಮ ಮನೆಗೆ ವಿಚಿತ್ರ ವಸ್ತುಗಳು ಬರುತ್ತಲೇ ಇರಲಿಲ್ಲವೆಂದಲ್ಲ. ಅವನ್ನು ತರುತ್ತಿದ್ದವನು ನನ್ನ ಮಾವ, ಅಮ್ಮನ ತಮ್ಮ. ಅವನು ಬಂದರಿನಲ್ಲಿ ಹಡಗಿನ ಸಾಮಾನು ಇಳಿಸುವ ದೋಣಿಗಳಲ್ಲಿ ಕೆಲಸಕ್ಕಿದ್ದ. ಊರಿಗೆ ಮರಳುವ ದೊರೆಗಳು ತಮ್ಮ ಬಂಗಲೆಯ ಸಾಮಾನನ್ನೆಲ್ಲ ಏಲಂ ಹಾಕಿ ಹೋಗುತ್ತಿದ್ದರಲ್ಲ, ಅಲ್ಲಿ ಜಾತ್ರೆಗೆ ಹೋದವರಂತೆ ಹೋಗಿ ನಿಲ್ಲುವುದು ಅವನ ಶೋಕಿ. ಮೇಜು, ಕುರ್ಚಿ, ಗಡಿಯಾರಗಳೆಲ್ಲ ದೊಡ್ಡವರ ಪಾಲಾಗಿ, ಕೊನೆಗೆ ಯಾರಿಗೂ ಬೇಡದ್ದು ಮಾವನಿಗೆ ಸಿಗುತ್ತಿತ್ತು. ಹಾಗೆ ಒಮ್ಮೆ ಅವನು ಬೆಳ್ಳಿಯಂತೆ ಹೊಳೆಯುವ ಒಂದು ತಂತಿಯ ಸಾಮಾನು ತಂದ. ಕೆಳಗೆ ನಾಲ್ಕು ಪುಟ್ಟ ಕಾಲು, ಮೇಲೆ ಸಾಲಾಗಿ ಬಿಲ್ಲಿನಂತೆ ಬಗ್ಗಿದ ತಂತಿಗಳು, ಒಂದೊಂದರ ನಡುವೆ ಬೆರಳು ದಪ್ಪದ ಸಂದು. ಮನೆಮಂದಿಯೆಲ್ಲ ಸುತ್ತ ಕೂತು ತಲೆ ಕೆರೆದುಕೊಂಡೆವು. ಅಜ್ಜಿಗೆ ಮಾತ್ರ ಒಂದು ನಿಮಿಷವೂ ಹಿಡಿಯಲಿಲ್ಲ. ಒಳಗಿನಿಂದ ನಂಗು ಮೀನು ತಂದು, ಸಂದಿಗೊಂದರಂತೆ ನಿಲ್ಲಿಸಿ ಬಿಸಿಲಿಗಿಟ್ಟಳು. ನಂಗು ನಿಮಗೆ ಗೊತ್ತಲ್ಲ, ಚಪ್ಪಲಿಯ ಅಟ್ಟೆಯಂತೆ ಚಪ್ಪಟೆ ಮೀನು. ಎರಡೂ ಬದಿಗೆ ಗಾಳಿಯಾಡಿ ಚೆನ್ನಾಗಿ ಒಣಗಿತು. "ದೊರೆಗಳಿಗೆ ಮೀನು ಒಣಗಿಸ್ಲಿಕ್ಕೆ ಗೊತ್ತುಂಟು," ಎಂದು ಅಜ್ಜಿ ಮೆಚ್ಚಿದಳು.

ಬಹಳ ವರ್ಷಗಳ ಮೇಲೆ, ನಾನು ಮಾಸ್ತರನಾಗಿ, ಪರದೇಶದ ಪಾದ್ರಿಯೊಬ್ಬರ ಬಂಗಲೆಯಲ್ಲಿ ಬೆಳಗಿನ ಚಹಾಕ್ಕೆ ಕೂತಿದ್ದಾಗ ಅದೇ ಸಾಮಾನು ಮೇಜಿಗೆ ಬಂತು. ಸಂದಿನಲ್ಲಿ ಸುಟ್ಟ ರೊಟ್ಟಿಯ ಹೋಳುಗಳನ್ನು ನಿಲ್ಲಿಸಿದ್ದರು. "ನಿಮ್ಮಲ್ಲಿ ಮೀನು ಒಣಗಿಸುವುದರಲ್ಲಿ ರೊಟ್ಟಿಯನ್ನೂ ಇಡುತ್ತಾರೋ?" ಎಂದು ನಾನು ಕೇಳಿಬಿಟ್ಟೆ. ಪಾದ್ರಿಗಳು ನನ್ನನ್ನು ನೋಡಿದರು, ರೊಟ್ಟಿಯನ್ನು ನೋಡಿದರು. ಆ ದಿನ ಅವರು ರೊಟ್ಟಿ ಮುಟ್ಟಿದ ಹಾಗೆ ನನಗೆ ನೆನಪಿಲ್ಲ.

ಹೇಳಹೊರಟದ್ದು ಇದಲ್ಲ. ಅಂಗಡಿಯ ಹಲಗೆಯ ಕೊನೆಯಲ್ಲಿ ಮುಚ್ಚಳವಿರುವ ಒಂದು ಪಾತ್ರೆಯಿತ್ತು. ಮುಚ್ಚಳದ ಹಿಡಿಯ ಬದಲಿಗೆ ಒಂದು ಬಾತು ಕುಳಿತಿತ್ತು. ಅದನ್ನು ಕಂಡದ್ದೇ ನನಗೆ ನಮ್ಮ ಕೋಳಿಯ ನೆನಪಾಯಿತು. ನಮ್ಮ ಕೋಳಿ ಎಂದೆನಲ್ಲ, ತಪ್ಪು. ಅದು ನಮ್ಮದೋ ಅಲ್ಲವೋ ಎಂಬುದೇ ಇವತ್ತಿಗೂ ನನಗೆ ತಿಳಿಯದ ವಿಷಯ.

ಅದೊಂದು ಮಣ್ಣಿನ ಕೋಳಿ. ಕೆಳಗಿನ ಅರ್ಧ ಹೆಣೆದ ಬುಟ್ಟಿಯ ಆಕಾರದ ಬೋಗುಣಿ. ಮೇಲಿನ ಅರ್ಧ, ಅಂದರೆ ಮುಚ್ಚಳ, ಕಾವು ಕೂತ ಹೇಂಟೆ. ಹೊರಗೆಲ್ಲ ಗಾಜಿನಂತೆ ಹೊಳಪು, ಒಳಗೆ ಬರೀ ಸುಟ್ಟ ಮಣ್ಣು. ಬುಟ್ಟಿಯ ಒಂದೊಂದು ಎಳೆಯೂ ಇನ್ನೊಂದರ ಅಡಿಯಲ್ಲಿ ಹೋಗಿ ಮೇಲೆ ಬಂದದ್ದು ಕಾಣುತ್ತಿತ್ತು. ಬುಟ್ಟಿ ಹೆಣೆದು ಗೊತ್ತಿದ್ದವನೇ ಮಾಡಿರಬೇಕು. ರೆಕ್ಕೆಯ ಗರಿಗಳು ಒಂದರ ಮೇಲೊಂದು. ಹೇಂಟೆಯ ಬಣ್ಣ ಕಂದು ಎಂದು ನನ್ನ ನೆನಪು. ನನ್ನ ತಂಗಿ ಜಾನಕಿ ಅದು ಹಸಿರು ಛಾಯೆಯ ಕಪ್ಪು ಎಂದು ಆಣೆಯಿಟ್ಟು ಹೇಳುತ್ತಾಳೆ. ಒಂದೇ ಮನೆಯಲ್ಲಿ, ಒಂದೇ ಕೋಳಿಯನ್ನು ನೋಡಿ ಬೆಳೆದ ಇಬ್ಬರಿಗೆ ಅದರ ಬಣ್ಣ ಒಂದಾಗದಿದ್ದರೆ ಕೋರ್ಟುಗಳಲ್ಲಿ ಸಾಕ್ಷಿ ಹೇಳುವವರ ಪಾಡು ಏನು?

ಅದರಲ್ಲಿ ಎರಡು ಗುಟ್ಟುಗಳಿದ್ದವು. ಬೋಗುಣಿಯ ತಳದಲ್ಲಿ, ಒಳಗೆ, ಮಣ್ಣಿನಲ್ಲೇ ಉಬ್ಬಿದ ಮೊಟ್ಟೆಗಳು. ತುಂಬಿದ್ದನ್ನೆಲ್ಲ ತಿಂದು ಮುಗಿಸಿದವರಿಗೆ ಮಾತ್ರ ಅವು ಸಿಗುತ್ತಿದ್ದವು. ನಾವು ಮೊಟ್ಟೆ ಮುಟ್ಟುವ ಆಸೆಗೇ ಎಷ್ಟೋ ತಿಂಡಿಯನ್ನು ಅಗಿಯದೆ ನುಂಗಿದ್ದೇವೆ. ಇನ್ನೊಂದು, ಹೇಂಟೆಯ ಎಡ ರೆಕ್ಕೆಯ ಅಡಿಯಲ್ಲಿ ಹೊರಗೆ ಇಣುಕುವ ಒಂದು ಮರಿ. ನಿಂತು ನೋಡಿದರೆ ಅದು ಕಾಣಿಸುವುದಿಲ್ಲ. ಗೋಡೆಯ ಗೂಡಿನಲ್ಲಿಟ್ಟು ಕೆಳಗಿನಿಂದ ಕತ್ತೆತ್ತಿ ನೋಡಿದರೆ ಮಾತ್ರ ಅದರ ಕಣ್ಣು ಮತ್ತು ಕೊಕ್ಕು. ಮನೆಯಲ್ಲಿ ಕುಳ್ಳಗಿದ್ದವರಿಗೆ ಮಾತ್ರ ಆ ಮರಿಯ ಪರಿಚಯ. ದೊಡ್ಡವರಿಗೆ ನಾವು ಹೇಳಲೂ ಇಲ್ಲ. ಮಾಡಿದವನು ಯಾರೋ ಏನೋ, ಮಕ್ಕಳನ್ನು ನೆನೆದುಕೊಂಡೇ ಮಾಡಿದ್ದ.

ಈ ಕೋಳಿ ಕೆಲವು ತಿಂಗಳು ನಮ್ಮಲ್ಲಿ, ಕೆಲವು ತಿಂಗಳು ಹೊಳೆಯಾಚೆ ಮಣ್ಣಗುಡ್ಡದ ಸೆರಾಫಿನ ಬಾಯಿಯ ಮನೆಯಲ್ಲಿ ಇರುತ್ತಿತ್ತು. ಅದಕ್ಕೊಂದು ಹಿನ್ನೆಲೆ ಉಂಟು. ಅಜ್ಜಿ ತಲೆಯ ಮೇಲೆ ಬುಟ್ಟಿ ಹೊತ್ತು ಮಣ್ಣಗುಡ್ಡದಲ್ಲಿ ಮೀನು ಮಾರುತ್ತಿದ್ದವಳು. ಮೀನಿನ ಹೆಂಗಸರಿಗೆ ಒಬ್ಬೊಬ್ಬರಿಗೆ ಇಂತಿಂಥ ವರ್ತನೆ ಮನೆಗಳೆಂದು ಇರುತ್ತವೆ. ಒಬ್ಬಳ ಮನೆಯ ಮೆಟ್ಟಿಲಿಗೆ ಇನ್ನೊಬ್ಬಳು ಬುಟ್ಟಿ ಇಳಿಸುವಂತಿಲ್ಲ. ಅಜ್ಜಿಯ ಕಾಲು ಸೋತ ಮೇಲೆ ಆ ಮನೆಗಳು ಅಮ್ಮನಿಗೆ ಬಂದವು. ಅದರಲ್ಲಿ ದೊಡ್ಡ ಮನೆ ಸೆರಾಫಿನ ಬಾಯಿಯದು. ಅವರ ಗಂಡ ಹಂಚಿನ ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತರು. ಕೊಂಕಣಿ ಕ್ರಿಸ್ತುವರ ಮನೆಯ ಯಜಮಾನರನ್ನು ಕರೆಯುವಂತೆ ನಾವು ಅವರನ್ನು ಪೊರ್ಬುಗಳು ಎನ್ನುತ್ತಿದ್ದೆವು. ಅಮ್ಮ ಬಾಯಿಯನ್ನು ಬಾಯಮ್ಮ ಎನ್ನುತ್ತಿದ್ದಳು, ಬಾಯಿ ಅಮ್ಮನನ್ನು ಸೀತು ಎನ್ನುತ್ತಿದ್ದರು. ಮೀನು ಕೊಟ್ಟಾದ ಮೇಲೆ ಹಿಂದಿನ ಮೆಟ್ಟಿಲಿನಲ್ಲಿ ಇಬ್ಬರೂ ಕೂತು ಎಲೆಅಡಿಕೆ ಹಾಕುತ್ತ ತುಳುವಿನಲ್ಲಿ ಲೋಕದ ವಿಷಯವೆಲ್ಲ ತೀರ್ಮಾನ ಮಾಡುತ್ತಿದ್ದರು. ಬಾಯಿ ಬೈಯುವುದು ಕೊಂಕಣಿಯಲ್ಲಿ, ಅಮ್ಮ ನಗುವುದು ತುಳುವಿನಲ್ಲಿ.

ಕ್ರಿಸ್ಮಸಿಗೆ ಬಾಯಿಯ ಮನೆಯಿಂದ ಕೋಳಿ ತುಂಬಿ ಬರುತ್ತಿತ್ತು: ಎಳ್ಳು ಬೆಲ್ಲದ ಹೂರಣದ ನೆವ್ರಿ, ಸಕ್ಕರೆ ಪಾಕದಲ್ಲಿ ಹೊರಳಿದ ಕಿಡಿಯೊ. ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ನಮ್ಮಲ್ಲೂ ಉಂಟು, ಅವರಲ್ಲೂ ಉಂಟು. ಅಷ್ಟಮಿಗೋ ಚೌತಿಗೋ ಅಮ್ಮ ಉಂಡೆ, ಚಕ್ಕುಲಿ ತುಂಬಿ ಕೊಡುತ್ತಿದ್ದಳು. ಹಬ್ಬ ದೂರವಿದ್ದರೆ ಒಣ ಸಿಗಡಿ. ಕೋಳಿ ಮತ್ತೆ ಈಸ್ಟರಿಗೆ ತುಂಬಿ ಬರುತ್ತಿತ್ತು. ಹೀಗೆ ಹೋದದ್ದು ಬರಬೇಕು, ಬಂದದ್ದು ಹೋಗಬೇಕು.

ಒಳಗೆ ಹೊಳಪಿಲ್ಲದ ಬರೀ ಮಣ್ಣು ಎಂದೆನಲ್ಲ. ಮಣ್ಣಿಗೆ ಮೂಗುಂಟು. ಒಮ್ಮೆ ಹೀರಿದ ವಾಸನೆಯನ್ನು ಅದು ಬಿಡುವುದಿಲ್ಲ. ಆದ್ದರಿಂದ ಬಾಯಿಯ ನೆವ್ರಿಯಲ್ಲಿ ಯಾವಾಗಲೂ ಒಣ ಸಿಗಡಿಯ ಘಮ. ಅಜ್ಜಿ ಅದನ್ನು ಕ್ರಿಸ್ತುವರ ಕ್ರಮವೆಂದೇ ನಂಬಿದ್ದಳು. "ಅವರದ್ದು ಸಿಹಿಗೂ ಸಿಗಡಿ ಹಾಕುವ ಜಾತಿ. ರುಚಿ ಉಂಟು, ತಿನ್ನಿ," ಎನ್ನುತ್ತಿದ್ದಳು. ನಮಗೂ ಅದೇ ರುಚಿಯಾಗಿ, ಮುಂದೆ ಬೇರೆ ಮನೆಗಳಲ್ಲಿ ಸಿಗಡಿಯ ವಾಸನೆಯಿಲ್ಲದ ನೆವ್ರಿ ತಿಂದಾಗ ಇವರಿಗೆ ಮಾಡಲು ಬರುವುದಿಲ್ಲವೆಂದು ಮೂಗು ಮುರಿದದ್ದುಂಟು. ಅತ್ತ ಮಣ್ಣಗುಡ್ಡದಲ್ಲಿ, ಬೆಂಗ್ರೆಯವರು ಒಣ ಸಿಗಡಿಗೆ ಏಲಕ್ಕಿ ಬೆರೆಸುತ್ತಾರೆಂದು ಪೊರ್ಬುಗಳು ತಮ್ಮ ಕಚೇರಿಯಲ್ಲೆಲ್ಲ ಹೊಗಳುತ್ತಿದ್ದರಂತೆ.

ಅಷ್ಟು ಚಂದದ ವಸ್ತು ಎಲ್ಲಿಂದ ಬಂತು? ಮಾವನನ್ನು ಕೇಳಿದರೆ ತಾನು ತಂದದ್ದಲ್ಲ, ತಾನು ಹುಟ್ಟುವ ಮೊದಲೇ ಇತ್ತು ಎನ್ನುತ್ತಿದ್ದ. ಜರ್ಮನಿಯದ್ದು ಎಂದು ಒಬ್ಬರು, ವಿಲಾಯತಿಯದ್ದು ಎಂದು ಇನ್ನೊಬ್ಬರು. ಅಡಿಯಲ್ಲಿದ್ದ ಮುದ್ರೆ ಸವೆದು ಮೊಡವೆಯಷ್ಟಾಗಿತ್ತು. ನಮ್ಮ ಹಂಚಿನ ಕಾರ್ಖಾನೆಗಳಲ್ಲಿ ಮಾಡಿನ ಮೂಲೆಗೆ ಹೂವು, ಬಳ್ಳಿ ಮಾಡುತ್ತಿದ್ದ ಯಾವನೋ ಕೆಲಸಗಾರ, ಹೊತ್ತು ಹೋಗದೆ ಉಳಿದ ಮಣ್ಣಿನಲ್ಲಿ ಮಾಡಿ, ಹಂಚಿನ ಜೊತೆಗೇ ಸುಟ್ಟದ್ದಿರಬಹುದು ಎಂದು ನನಗೆ ಈಗ ಅನ್ನಿಸುತ್ತದೆ. ನಾಳೆ ಬೇರೆ ಅನ್ನಿಸಬಹುದು.

ಇನ್ನು ಆ ವರ್ಷದ ವಿಷಯ. ನಾನು ಆಗ ನಾಲ್ಕನೆಯ ತರಗತಿಯಲ್ಲೋ ಐದನೆಯದರಲ್ಲೋ ಇದ್ದೆ. ಆ ವರ್ಷ ಕಡಲು ನಮಗೆ ಕೈಕೊಟ್ಟಿತು. ಮಳೆ ನಿಂತು ಬಂಗುಡೆ ಬರುವ ಹೊತ್ತು ಕಳೆಯಿತು, ಬಂಗುಡೆ ಬರಲಿಲ್ಲ. ಇಡೀ ಬೆಂಗ್ರೆಯೇ ಸೇರಿ ಎಳೆಯುವ ರಂಪಣಿ ಬಲೆಯಲ್ಲಿ ಕಡಲಕಸ ಮತ್ತು ಲೊಳೆ ಮಾತ್ರ ಸಿಕ್ಕಿತು. ಪಣಂಬೂರಿನ ಕಡೆಯೂ ಇದೇ ಕತೆ ಎಂದು ಸುದ್ದಿ. ಅಪ್ಪ ಬಲೆಯನ್ನು ಮನೆಯ ಸೋಗೆ ಮಾಡಿಗೆ ಕಟ್ಟಿ ಹಂಚಿನ ಕಾರ್ಖಾನೆಗೆ ಮಣ್ಣು ಹೊರಲು ಹೋಗತೊಡಗಿದ. ಮನೆಯಲ್ಲಿ ಗಂಜಿಯ ತಿಳಿ ಹೆಚ್ಚಾಯಿತು, ಅಗುಳು ಕಡಿಮೆಯಾಯಿತು.

ಮತ್ತು ಕೋಳಿ ನಮ್ಮ ಮನೆಯಲ್ಲಿತ್ತು. ಈಸ್ಟರಿಗೆ ತುಂಬಿ ಬಂದದ್ದು. ಅದರ ಹಿಂದಿನ ಹಂಗಾಮೂ ಸೊರಗಿದ್ದರಿಂದ ಅಷ್ಟಮಿಗೆ ಉಂಡೆಯಿಲ್ಲ. ಚೌತಿಗೆ ಅಮ್ಮ ಅಕ್ಕಿಯ ಡಬ್ಬದೊಳಗೆ ಕೈ ಹಾಕಿ ಸುಮ್ಮನೆ ಹೊರಗೆ ತೆಗೆದದ್ದನ್ನು ಜಾನಕಿ ಕಂಡಿದ್ದಾಳೆ. ಬಣ್ಣದ ವಿಷಯದಲ್ಲಿ ಅವಳನ್ನು ನಂಬದಿದ್ದರೂ ಇದರಲ್ಲಿ ನಂಬುತ್ತೇನೆ. ಒಣ ಸಿಗಡಿ ಎಂದೋ ಮುಗಿದಿತ್ತು. ಕೋಳಿ ಗೂಡಿನಲ್ಲಿ ಕಾವು ಕೂತೇ ಇತ್ತು.

ಅಮ್ಮನಿಗೆ ಅದನ್ನು ಖಾಲಿ ಕೊಡಲು ಮನಸ್ಸು ಬರಲಿಲ್ಲ. ಅದು ಇಲ್ಲದೆ ಬಾಯಿಯ ಮನೆಗೆ ಹೋಗಲು ಮುಖ ಬರಲಿಲ್ಲ. ಹೋದರೆ ಬಾಯಿ ಕೇಳದಿದ್ದರೂ ಕೋಳಿಯ ನೆನಪಾಗದೆ ಇದ್ದೀತೆ? ಹಾಗಾಗಿ ಅವಳು ದಾರಿಯನ್ನೇ ಬದಲಾಯಿಸಿದಳು. ಬಂದರಿನಲ್ಲಿ ಬೇರೆಯವರಿಂದ ಹಿಡಿಯಷ್ಟು ಮೀನು ಸಿಕ್ಕಿದ ದಿನ ಮಣ್ಣಗುಡ್ಡದವರೆಗೆ ಹೋಗದೆ ಕುದ್ರೋಳಿಯಲ್ಲಿಯೇ ಮಾರಿ ತಿರುಗಿ ಬರುತ್ತಿದ್ದಳು. ಬಾಯಿಯ ಓಣಿಗೆ ಕಾಲಿಡಲಿಲ್ಲ. ಜೊತೆಯ ಹೆಂಗಸರು "ಬಾಯಿ ಕೇಳಿದ್ರು, ಸೀತು ಎಲ್ಲಿ ಅಂತ" ಎಂದರೆ, "ಜ್ವರ ಅಂತ ಹೇಳು" ಎಂದುಬಿಟ್ಟಳು. ಒಂದು ಸಲ ಹೇಳಿದ ಜ್ವರವನ್ನು ಬಿಡಿಸುವುದು ಕಷ್ಟ. ಅದು ತಿಂಗಳುಗಟ್ಟಲೆ ಇಳಿಯಲೇ ಇಲ್ಲ.

ನನಗೆ ಒಂದೂ ಅರ್ಥವಾಗುತ್ತಿರಲಿಲ್ಲ. ಗಟ್ಟಿಮುಟ್ಟಾಗಿ ಓಡಾಡುವ ಅಮ್ಮನಿಗೆ ಎಲ್ಲಿಯ ಜ್ವರ? ಅವಳು ಗೂಡಿನ ಮುಂದೆ ಹಾಯುವಾಗೆಲ್ಲ ಯಾಕೆ ತಲೆ ತಿರುಗಿಸುತ್ತಾಳೆ? ಒಂದು ದಿನ ಕೋಳಿಯ ಮೇಲೆ ಬಟ್ಟೆ ಮುಚ್ಚಿದಳು. ಮರುದಿನ, ಅದು ಬಾಯಮ್ಮನ ವಸ್ತು, ಹಾಗೆ ಮುಚ್ಚಬಾರದು ಎಂದು ತಾನೇ ತೆಗೆದು, ಒರೆಸಿ ಇಟ್ಟಳು. ಅಮ್ಮನಿಗೆ ಗೆಳತಿಯೆಂದು ಇದ್ದದ್ದು ಅವರೊಬ್ಬರೇ. ಬೆಂಗ್ರೆಯಲ್ಲಿ ಇದ್ದವರೆಲ್ಲ ನೆಂಟರು; ನೆಂಟರ ಹತ್ತಿರ ಮನಸ್ಸು ಬಿಚ್ಚುವವರುಂಟೇ? ಆ ಮೆಟ್ಟಿಲನ್ನು ಕಳೆದುಕೊಂಡು ಅಮ್ಮ ಮಂಕಾದಳು. ಆ ಹೊತ್ತಿನ ಎಲೆಅಡಿಕೆಯನ್ನು ಒಬ್ಬಳೇ ಹೊಸ್ತಿಲಲ್ಲಿ ಕೂತು ಹಾಕುತ್ತಿದ್ದಳು.

ಅತ್ತ ಮಣ್ಣಗುಡ್ಡದಲ್ಲಿ ಇನ್ನೊಂದು ಕಷ್ಟ ಬೆಳೆಯುತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ. ಸೀತು ಬರುವವರೆಗೆ ಬೇರೆಯವಳ ಬುಟ್ಟಿ ತನ್ನ ಮೆಟ್ಟಿಲಲ್ಲಿ ಇಳಿಯಕೂಡದೆಂದು ಬಾಯಿ ಹಟ ಹಿಡಿದಿದ್ದರು. ಶುಕ್ರವಾರ ಅವರಿಗೆ ಮಾಂಸವಿಲ್ಲ, ಮೀನಾದರೆ ನಡೆಯುತ್ತದೆ. ಆದರೆ ಮೀನೂ ಇಲ್ಲ. ಪೊರ್ಬುಗಳು ಒಂದಾದ ಮೇಲೊಂದು ಶುಕ್ರವಾರ ಸೌತೆಕಾಯಿ ಹುಳಿ ತಿಂದು, ಈ ಪರಿಯ ತಪಸ್ಸನ್ನು ದೇವರೂ ಕೇಳಿಲ್ಲ ಎಂದು ಗೊಣಗಿದರಂತೆ. ಪೇಟೆಯ ಮಾರ್ಕೆಟಿನಿಂದ ತಾವೇ ಎರಡು ಮೀನು ತಂದದ್ದನ್ನು ಬಾಯಿ ಬೆಕ್ಕಿಗೆ ಹಾಕಿದರು ಎಂಬುದು ಪೊರ್ಬುಗಳೇ ಮುಂದೆ ನನಗೆ ಹೇಳಿದ ಕತೆ. ಬೆಕ್ಕಾದರೂ ಸುಖವಾಗಿತ್ತಲ್ಲ ಎಂದು ನಾನು ಸಮಾಧಾನ ಹೇಳಿದೆ.

ದೀಪಾವಳಿ ಕಳೆದ ಒಂದು ಮಧ್ಯಾಹ್ನ ಜಾನಕಿ ದೋಣಿ ಹತ್ತಿಳಿಯುವ ಕಡವಿನಿಂದ ಏದುಸಿರು ಬಿಡುತ್ತ ಓಡಿಬಂದು, "ದೋಣಿಯಲ್ಲಿ ಬಾಯಮ್ಮ!" ಎಂದಳು. ಅಮ್ಮ ನಂಬಲಿಲ್ಲ. ಸೆರಾಫಿನ ಬಾಯಿಗೆ ನೀರೆಂದರೆ ಹೆದರಿಕೆ. ಬಾವಿಯ ಕಟ್ಟೆಗೇ ಹತ್ತಿರ ಹೋಗದವರು. ನಾನು ಅಂಗಳ ದಾಟಿ ಹೋಗಿ ನೋಡಿದರೆ ನಿಜ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ಸೀಸೆ, ಸೀರೆಯ ಅಂಚು ಒದ್ದೆ, ಹೊಯಿಗೆಯಲ್ಲಿ ಹೂತು ಹೋಗುವ ಕಾಲನ್ನು ಕೊಂಕಣಿಯಲ್ಲಿ ಬೈಯುತ್ತ ಬರುತ್ತಿದ್ದಾರೆ. ನಂಬದ ಅಮ್ಮ ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಲೇ ಇದ್ದಳು. ಕೊಡಲಿ ಎತ್ತಿದ ಕೈ ಹಾಗೇ ನಿಂತಿತು.

ಬಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇದಾ ನಿನ್ನ ಜ್ವರ?"

ಅಮ್ಮ ಕೊಡಲಿ ಕೆಳಗಿಟ್ಟಳು.

"ನೀನು ಹಾಸಿಗೆಯಲ್ಲಿ ಇದ್ದಿ ಅಂತ ನಾನು ಕಷಾಯ ಕಾಯ್ಸಿ, ಪ್ರಾಣ ಕೈಯಲ್ಲಿ ಹಿಡ್ಕೊಂಡು ಆ ದೋಣಿಯಲ್ಲಿ ಕೂತು ಬಂದದ್ದು. ನನ್ನಿಂದ ಎಂತಾದ್ರೂ ತಪ್ಪಾಯ್ತಾ ಸೀತು? ಆಗಿದ್ರೆ ಮುಖಕ್ಕೆ ಹೇಳು ಮಾರಾಯ್ತಿ. ಬಯ್ದಾದ್ರೂ ಹೋಗು. ಬಾರದೆ ಇರಬೇಡ."

ಅಮ್ಮ ಅವರ ಕೈಹಿಡಿದು ಒಳಗೆ ಕರೆದುಕೊಂಡು ಬಂದು ಚಾಪೆ ಹಾಕಿದಳು. ಆಮೇಲೆ ಗೂಡಿನಿಂದ ಕೋಳಿಯನ್ನು ಎರಡೂ ಕೈಯಲ್ಲಿ ಇಳಿಸಿ ಅವರ ಮುಂದೆ ಇಟ್ಟು, ಗೋಡೆಯ ಕಡೆ ಮುಖ ಮಾಡಿ, "ನಿಮ್ಮ ಕೋಳಿ ಕೊಡ್ಲಿಕ್ಕೆ ಆಗ್ಲಿಲ್ಲ ಬಾಯಮ್ಮ," ಎಂದಳು.

"ನಮ್ಮ ಕೋಳಿಯಾ?"

"ನಿಮ್ಮದೇ ಅಲ್ವಾ? ತುಂಬಿಸ್ಲಿಕ್ಕೆ ಮನೆಯಲ್ಲಿ ಎಂತದೂ ಇರ್ಲಿಲ್ಲ. ಇವತ್ತಿಗೂ ಇಲ್ಲ. ಖಾಲಿ ಪಾತ್ರೆ ಹಿಡ್ಕೊಂಡು ನಿಮ್ಮ ಮೆಟ್ಟಿಲು ಹೇಗೆ ಹತ್ತುವುದು?"

ಬಾಯಿ ಕೋಳಿಯನ್ನು ನೋಡಿದರು, ಅಮ್ಮನನ್ನು ನೋಡಿದರು, ಮತ್ತೆ ಕೋಳಿಯನ್ನು ನೋಡಿದರು.

"ಸೀತು, ಇದು ನಿಮ್ಮದಲ್ವಾ?"

"ನಮ್ಮದು ಹೇಗೆ ಆಗ್ತದೆ? ನಮ್ಮಲ್ಲಿ ಇಂಥದ್ದು ಎಲ್ಲಿಂದ? ನನ್ನ ಅಮ್ಮ ಹೇಳ್ತಿದ್ದದ್ದು, ಅದು ಬಾಯಮ್ಮನ ಕೋಳಿ, ಒಡೆದ್ರೆ ಕಾಲು ಮುರೀತೇನೆ ಅಂತ."

"ನನ್ನ ಅತ್ತೆ ಸಾಯುವವರೆಗೂ ಹೇಳಿದ್ದು, ಅದು ಬೆಂಗ್ರೆಯವರ ಕೋಳಿ, ಜಾಗ್ರತೆ, ತುಂಬಿಸಿ ಕೊಡು ಅಂತ! ಅದು ನಿಮ್ಮದು ಅಂತಲೇ ನಾನು ಪ್ರತೀ ಸಲ ಕೊಟ್ಟು ಕಳ್ಸಿದ್ದು. ನನ್ನದಾಗಿದ್ರೆ ನಾನು ಯಾಕೆ ಕೊಡ್ತಿದ್ದೆ? ನನಗೆ ಅದರ ಮೇಲೆ ಎಷ್ಟು ಆಸೆ ಇತ್ತು ಗೊತ್ತುಂಟಾ?"

ಅಜ್ಜಿಯನ್ನು ಕೇಳೋಣವೆಂದರೆ ಅವಳು ತೀರಿಹೋಗಿ ಎರಡು ಮಳೆಗಾಲ ಕಳೆದಿತ್ತು. ಬಾಯಿಯ ಅತ್ತೆಯೂ ಇಗರ್ಜಿಯ ಹಿತ್ತಲಿನ ಗೋರಿಯಲ್ಲಿ ಮಲಗಿದ್ದರು. ಆ ಮುದುಕಿಯರಿಬ್ಬರಲ್ಲಿ ಯಾರು ಯಾರಿಗೆ ಮೊದಲು ಕೊಟ್ಟರೋ, ಅವರಿಗಾದರೂ ಗೊತ್ತಿತ್ತೋ ಇಲ್ಲವೋ. ಯಾರದೆಂದೇ ತಿಳಿಯದ ಒಂದು ಕೋಳಿಯನ್ನು ಎರಡು ಮನೆಗಳು ಹೆದರಿ ಹೆದರಿ ಸಾಕಿದ್ದವು.

"ಹಾಗಾದ್ರೆ ನೀವೇ ಇಟ್ಕೊಳ್ಳಿ," ಎಂದು ಅಮ್ಮ ಅದನ್ನು ಅತ್ತ ದೂಡಿದಳು.

"ಛೆ, ನೀನೇ ಇಟ್ಕೋ. ಈಗ ಇಲ್ಲಿ ಉಂಟಲ್ಲ," ಎಂದು ಬಾಯಿ ಇತ್ತ ದೂಡಿದರು.

ಎರಡು ಮೂರು ಸಲ ಹೀಗೆ ಆಯಿತು. ನಾನು ಮತ್ತು ಜಾನಕಿ ಕೋಳಿ ಒಡೆಯುತ್ತದೆಂದು ಉಸಿರು ಹಿಡಿದು ಕೂತಿದ್ದೆವು. ಒಮ್ಮೆ ಅದು ನಡುವೆ ನಿಂತಾಗ ಇಬ್ಬರ ಮುಖವೂ ಪೆಚ್ಚಾಯಿತು. ಅದು ಯಾಕೆಂದು ನನಗೆ ಆಗ ತಿಳಿಯಲಿಲ್ಲ, ಈಗ ಸ್ವಲ್ಪ ತಿಳಿಯುತ್ತದೆ. ಯಾರಾದರೊಬ್ಬರು ಇದು ನನ್ನದೆಂದು ಇಟ್ಟುಕೊಂಡುಬಿಟ್ಟರೆ ಆ ಕೋಳಿ ಇನ್ನು ಹೊಳೆ ದಾಟುವುದಿಲ್ಲ. ಅದು ಹೊಳೆ ದಾಟದಿದ್ದರೆ ಇವರು?

ಕೊನೆಗೆ ಬಾಯಿ ಎದ್ದರು. ಕೋಳಿಯನ್ನು ಎತ್ತಿ, ಮುಚ್ಚಳ ತೆಗೆದು, ಖಾಲಿ ಬೋಗುಣಿಯನ್ನು ಒಮ್ಮೆ ನೋಡಿ, ಮತ್ತೆ ಮುಚ್ಚಿ, ಸೆರಗಿನ ಅಡಿಯಲ್ಲಿ ಕಂಕುಳಿಗೆ ಇಟ್ಟುಕೊಂಡರು.

"ನಾನು ಹೀಗೆಯೇ ಕೊಂಡು ಹೋಗ್ತೇನೆ."

"ಬೇಡ ಬಾಯಮ್ಮ! ಖಾಲಿ ಬೇಡ!" ಅಮ್ಮ ನಿಜವಾಗಿ ಹೆದರಿ ಅವರ ಕೈ ಹಿಡಿದಳು. "ಒಂದು ಹಿಡಿ ಉಪ್ಪಾದ್ರೂ ಹಾಕ್ತೇನೆ, ನಿಲ್ಲಿ."

"ಉಪ್ಪು ನನ್ನ ಮನೆಯಲ್ಲಿ ಉಂಟು. ಬಿಡು ಕೈ. ಪರವೂರಿನವರಿಗೆ ತುಂಬಿಸಿ ಕೊಡುವುದು ಸರಿ, ನನಗೂ ನಿನಗೂ ಎಂತದು ಅದು?"

ಅಮ್ಮ ಕೈಬಿಟ್ಟಳು. ಬಿಟ್ಟ ಕೈಯಿಂದ ಕಣ್ಣು ಒರೆಸಿಕೊಂಡಳು. ನಾವು ಅವಳು ಅಳುವುದನ್ನು ಅಜ್ಜಿ ಸತ್ತಾಗ ಕಂಡಿದ್ದೆವು, ಅಷ್ಟೇ.

"ನಾಳಿದ್ದು ಸೋಮವಾರ ಬಾ," ಎಂದರು ಬಾಯಿ ಅಂಗಳಕ್ಕಿಳಿಯುತ್ತ.

"ಮೀನಿಲ್ಲವಲ್ಲ."

"ಮೀನು ತಾ ಅಂತ ನಾನು ಹೇಳಿದೆನಾ?"

ದೋಣಿಯಲ್ಲಿ ಅವರು ಕಣ್ಣು ಮುಚ್ಚಿ, ಕೋಳಿಯನ್ನು ಅಪ್ಪಿಕೊಂಡು ಕೂತಿದ್ದದ್ದು ಆಚೆ ದಡ ಮುಟ್ಟುವವರೆಗೂ ಕಂಡಿತು. ಕಷಾಯದ ಸೀಸೆ ನಮ್ಮಲ್ಲೇ ಉಳಿಯಿತು. ಜ್ವರವಿಲ್ಲದಿದ್ದರೂ ಅಮ್ಮ ಅದನ್ನು ಎರಡು ದಿನ ಕುಡಿದಳು. ಅವರು ಅಷ್ಟು ದೂರ ಹೊತ್ತು ತಂದದ್ದಲ್ಲವೆ ಎಂದಳು. ನಮಗೂ ಒಂದೊಂದು ಗುಟುಕು ಕುಡಿಸಿದಳು. ಅಷ್ಟು ಕಹಿಯಾದದ್ದನ್ನು ನಾನು ಮತ್ತೆ ಕುಡಿದಿಲ್ಲ.

ಸೋಮವಾರ ಬೆಳಗ್ಗೆ ನಾನು ಏಳುವ ಹೊತ್ತಿಗೆ ಅಮ್ಮ ತಲೆ ಬಾಚಿ, ಒಗೆದ ಸೀರೆ ಉಟ್ಟು, ಮೀನಿನ ಬುಟ್ಟಿಯನ್ನು ಹೊಯಿಗೆ ಹಾಕಿ ತಿಕ್ಕಿ ತೊಳೆದು ತಲೆಗೆ ಏರಿಸಿಕೊಂಡಾಗಿತ್ತು. ನಾನು ಹಿಂದೆಯೇ ಕಡವಿನವರೆಗೆ ಓಡಿದೆ.

"ಅಮ್ಮಾ, ಬಂಗುಡೆ ಬಂತಾ?"

"ಇಲ್ಲ."

"ಮತ್ತೆ ಬುಟ್ಟಿ ಎಂತಕ್ಕೆ?"

ಅವಳು ಯೋಚಿಸಿದಳು. ಅವಳಿಗೂ ಅದು ಸರಿಯಾಗಿ ತಿಳಿದಿರಲಿಲ್ಲವೆಂದು ಕಾಣುತ್ತದೆ.

"ತಲೆ ಮೇಲೆ ಭಾರ ಇಲ್ಲದಿದ್ರೆ ನಡೀಲಿಕ್ಕೆ ಗೊತ್ತಾಗುದಿಲ್ಲ ಮಗಾ," ಎಂದು ದೋಣಿ ಹತ್ತಿದಳು. ದೋಣಿಯವನು ಬುಟ್ಟಿಯೊಳಗೆ ಇಣುಕಿ, "ಸೀತಕ್ಕ, ಇವತ್ತು ಎಂತ ಮಾರ್ಲಿಕ್ಕೆ ಹೊರಟದ್ದು?" ಎಂದು ತಮಾಷೆ ಮಾಡಿದ. ಅಮ್ಮ ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಮಾರುವುದಕ್ಕೆ ಒಂದು ಮೀನೂ ಇಲ್ಲದೆ, ಖಾಲಿ ಬುಟ್ಟಿ ಹೊತ್ತು, ಅವಳು ಅಂದು ಮಣ್ಣಗುಡ್ಡಕ್ಕೆ ಹೋದಳು, ಮತ್ತು ಕತ್ತಲಾಗುವವರೆಗೂ ಬರಲಿಲ್ಲ.